ಬಾವಿ ನೀರಿನ ಮಸೂದೆ ಹಿಡಿದು ಸ್ಯಾಕ್ರಮೆಂಟೊದಲ್ಲಿ

ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಒಬ್ಬ ಶಾಸಕಿಯ ಕಚೇರಿ. ಅಲ್ಲಿ ಮಸೂದೆಗಳ ಕೆಲಸಕ್ಕೆ ನಾನು ಹೊಣೆ. ನಮ್ಮ ಕ್ಷೇತ್ರ ಸ್ಯಾನ್ ವಾಕಿನ್ ಕಣಿವೆಯಲ್ಲಿದೆ. ದ್ರಾಕ್ಷಿ, ಕಿತ್ತಳೆ, ಬಾದಾಮಿ ತೋಟಗಳು, ದೊಡ್ಡ ದೊಡ್ಡ ಹೈನುಗಾರಿಕೆ ಫಾರ್ಮುಗಳು, ಅವುಗಳ ನಡುವೆ ಪುಟ್ಟ ಪುಟ್ಟ ಊರುಗಳು. ಆ ಊರುಗಳಲ್ಲಿ ಬಹುಪಾಲು ಮೆಕ್ಸಿಕೊ ಮೂಲದ ಕೃಷಿ ಕಾರ್ಮಿಕರ ಮನೆಗಳು. 2020ರ ಜನಗಣತಿಯಂತೆ ಈ ರಾಜ್ಯದಲ್ಲಿ ನೂರಕ್ಕೆ 39 ಮಂದಿ ಲ್ಯಾಟಿನೋಗಳು, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರು. ನಮ್ಮ ಕ್ಷೇತ್ರದಲ್ಲಿ ಅದಕ್ಕಿಂತ ಬಹಳ ಹೆಚ್ಚು. ಹೀಗಾಗಿ ನಮ್ಮ ಕಚೇರಿಯಲ್ಲಿ ಲ್ಯಾಟಿನೋ ಸಮುದಾಯಗಳ ಕೆಲಸ ಅಂತ ಬೇರೆ ವಿಭಾಗವೇನೂ ಇಲ್ಲ. ಇಡೀ ಕಚೇರಿಯ ಕೆಲಸವೇ ಅದು.

ನಾನು ಪಾವಗಡದ ಕಡೆಯವಳು. ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಾದವರ ಮಧ್ಯೆ ಬೆಳೆದವಳು. ಬೋರ್‌ವೆಲ್ ಆಳಕ್ಕೆ ಹೋದಷ್ಟೂ ನೀರು ಕೆಡುವುದನ್ನು, ಐದು ರೂಪಾಯಿ ಕಾಯಿನ್ ಹಾಕಿ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿಕೊಂಡು ಬರುವುದನ್ನು ನನಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಸಾರ್ವಜನಿಕ ನೀತಿ ಓದಲು ಅಮೆರಿಕಕ್ಕೆ ಬಂದು, ಸ್ಪ್ಯಾನಿಷ್ ಕಲಿತು, ಈ ಕೆಲಸಕ್ಕೆ ಸೇರಿದ ಮೇಲೆ "ನಿನಗೂ ಅವರಿಗೂ ಏನು ಸಂಬಂಧ?" ಅಂತ ಊರಿನವರೂ ಕೇಳಿದ್ದಾರೆ, ಇಲ್ಲಿನವರೂ ಕೇಳಿದ್ದಾರೆ. ನನಗಿದ್ದ ಸಂಬಂಧ ನೀರಿನದು. ಅದಕ್ಕೇ ಇಲ್ಲಿ ಬರೆಯುತ್ತಿರುವುದೂ ಒಂದು ನೀರಿನ ಮಸೂದೆಯ ಬಗ್ಗೆ.

ಮೊದಲು ಒಂದು ವಿಷಯ ಹೇಳಬೇಕು, ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ಲ್ಯಾಟಿನೋಗಳಿಗಾಗಿ ಕಾನೂನು ಮಾಡುತ್ತೇವೆ ಅಂದರೂ ಆ ಕಾನೂನಿನಲ್ಲಿ ಸಾಮಾನ್ಯವಾಗಿ ಆ ಹೆಸರೇ ಇರುವುದಿಲ್ಲ. 1996ರಲ್ಲಿ ಇಲ್ಲಿನ ಮತದಾರರು ನೇರ ಜನಮತಕ್ಕೆ ಬಂದ ಪ್ರಸ್ತಾವ 209 ಅನ್ನು ಗೆಲ್ಲಿಸಿದರು. ಸರ್ಕಾರಿ ನೌಕರಿ, ಶಿಕ್ಷಣ, ಗುತ್ತಿಗೆ ಈ ಮೂರರಲ್ಲಿ ಜನಾಂಗ ನೋಡಿ ಆದ್ಯತೆ ಕೊಡುವಂತಿಲ್ಲ ಎಂದು ಅದು ರಾಜ್ಯದ ಸಂವಿಧಾನಕ್ಕೇ ಸೇರಿತು. ಅದರ ನೆರಳು ಉಳಿದ ಕ್ಷೇತ್ರಗಳ ಮೇಲೂ ಬಿದ್ದಿದೆ. ಆದ್ದರಿಂದ ನಾವು ಬೇರೆ ಅಳತೆಗೋಲು ಹಿಡಿಯುತ್ತೇವೆ. ನೀರಿನ ಕಾನೂನುಗಳಲ್ಲಿ, ರಾಜ್ಯದ ಮಧ್ಯಮಾಂಕ ಕುಟುಂಬ ಆದಾಯದ (ಅರ್ಧ ಕುಟುಂಬಗಳು ಅದಕ್ಕಿಂತ ಮೇಲೆ, ಅರ್ಧ ಕೆಳಗೆ) ನೂರಕ್ಕೆ 80ಕ್ಕಿಂತ ಕೆಳಗಿರುವ ಊರು 'ಹಿಂದುಳಿದ ಸಮುದಾಯ'. ನೂರಕ್ಕೆ 60ಕ್ಕಿಂತ ಕೆಳಗಿದ್ದರೆ 'ತೀರಾ ಹಿಂದುಳಿದದ್ದು'. ಎಷ್ಟು ನಲ್ಲಿಗಳಿಗೆ ಸಂಪರ್ಕವಿದೆ, ಊರು ನಗರಸಭೆಯ ಗಡಿಯೊಳಗಿದೆಯೋ ಹೊರಗಿದೆಯೋ, ಬಾವಿ ಯಾರ ಹೆಸರಿನಲ್ಲಿದೆ, ಹೀಗೆ ಎಳೆ ಎಳೆಯಾಗಿ ಬಿಡಿಸುತ್ತಾ ಹೋದರೆ ಕೊನೆಗೆ ಯಾರ ಮನೆ ಬಾಗಿಲಿಗೆ ಬಂದು ನಿಲ್ಲುತ್ತೇವೆ ಅನ್ನುವುದು ಎಲ್ಲರಿಗೂ ಗೊತ್ತು.

ಆ ಬಾಗಿಲು ಅಲ್ಲಿರುವುದೂ ಆಕಸ್ಮಿಕವಲ್ಲ. 1970ರ ದಶಕದ ಆರಂಭದಲ್ಲಿ ಟುಲೇರಿ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ತನ್ನ ಅಭಿವೃದ್ಧಿ ಯೋಜನೆಯಲ್ಲಿ ಕೆಲವು ಊರುಗಳನ್ನು ಭವಿಷ್ಯವಿಲ್ಲದವು ಅಂತ ಪಟ್ಟಿ ಮಾಡಿ, ಅಲ್ಲಿಗೆ ನೀರು, ಒಳಚರಂಡಿಗಳಿಗೆ ಸಾರ್ವಜನಿಕ ಹಣ ಹಾಕುವುದು ಬೇಡ ಎಂಬ ಧೋರಣೆ ತಳೆಯಿತು. ಜನ ಮಾತ್ರ ಊರು ಬಿಟ್ಟು ಹೋಗಲಿಲ್ಲ, ತೋಟದ ಕೆಲಸವೂ ನಿಲ್ಲಲಿಲ್ಲ. ಅರ್ಧ ಶತಮಾನದ ನಂತರ ಆ ಊರುಗಳ ಅಡುಗೆಮನೆಗಳಲ್ಲಿ ನಾನು ಕೂತು ಮಾತಾಡಿದ್ದೇನೆ. ಯಾರೋ ಎಂದೋ ಬರೆದ ಒಂದು ಪ್ಯಾರಾ ಇವತ್ತಿನ ನಲ್ಲಿಯಲ್ಲಿ ಹೇಗೆ ಬರುತ್ತದೆ ಅಂತ ಅಲ್ಲಿ ಕಣ್ಣಾರೆ ಕಾಣಬಹುದು.

ಅಂಥ ಒಂದು ಅಡುಗೆಮನೆಯಲ್ಲೇ ಮಸೂದೆ ಹುಟ್ಟಿದ್ದು. ಕಿತ್ತಳೆ ತೋಟಕ್ಕೆ ತಾಗಿದ ಬಾಡಿಗೆ ಮನೆ. ಸ್ಟೌ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ಪಕ್ಕದಲ್ಲಿ ಹಾಲಿನ ಪುಡಿಯ ಡಬ್ಬ, ತೊಳೆದು ಬೋರಲು ಹಾಕಿದ ಎರಡು ಹಾಲಿನ ಬಾಟಲಿ. ನೀರು ಚೆನ್ನಾಗಿಲ್ಲ ಅಂತ ಅಕ್ಕಪಕ್ಕದವರು ಹೇಳಿದ್ದಕ್ಕೆ ಆ ತಾಯಿ ಹೆಚ್ಚು ಹೊತ್ತು ಕುದಿಸುತ್ತಿದ್ದಳು. ಆ ಭಾಗದ ಬಾವಿಗಳ ತೊಂದರೆ ನೈಟ್ರೇಟ್. ಗೊಬ್ಬರದಿಂದ, ಕೊಟ್ಟಿಗೆಯ ಗಂಜಲ ಸಗಣಿಯಿಂದ ನೆಲಕ್ಕಿಳಿದು ದಶಕಗಳ ನಂತರ ಬಾವಿ ಸೇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲೂ ತಿಳಿಯುವುದಿಲ್ಲ. ಲೀಟರಿಗೆ ನೈಟ್ರೋಜನ್ ಲೆಕ್ಕದಲ್ಲಿ 10 ಮಿಲಿಗ್ರಾಂ ದಾಟಿದರೆ ಹಸುಗೂಸುಗಳ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಆ ತಾಯಿಗೆ ಇದನ್ನು ಹೇಳುವಾಗ ಅವಳು ತಕ್ಷಣ ಸ್ಟೌ ಆರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಹಾಗಾದರೆ ಪರೀಕ್ಷೆ ಮಾಡಿಸಿದವರಿಗೆ ಇದು ಮೊದಲೇ ಗೊತ್ತಿತ್ತೇ?" ಅಂತ ಕೇಳಿದಳು.

ಗೊತ್ತಿತ್ತು. ಮಾಲೀಕರಿಗೆ ಪ್ರಯೋಗಾಲಯದ ವರದಿ ಹೋಗಿತ್ತು. ಮನೆಯಲ್ಲಿ ಇರುವವರಿಗೆ ಅದನ್ನು ತೋರಿಸಿರಲಿಲ್ಲ.

ಕ್ಯಾಲಿಫೋರ್ನಿಯಾ 2012ರಲ್ಲೇ ಸುರಕ್ಷಿತ ನೀರು ಪ್ರತಿಯೊಬ್ಬರ ಹಕ್ಕು ಅಂತ ಕಾಯ್ದೆ ಮಾಡಿದ ರಾಜ್ಯ. 2019ರಲ್ಲಿ ವರ್ಷಕ್ಕೆ 13 ಕೋಟಿ ಡಾಲರ್‌ನಂತೆ 2030ರವರೆಗೆ ಕುಡಿಯುವ ನೀರಿಗೆಂದೇ ನಿಧಿ ತೆಗೆದಿಟ್ಟಿತು. ಅದಕ್ಕೆ ಸಹಿ ಹಾಕಲು ರಾಜ್ಯಪಾಲ ಗ್ಯಾವಿನ್ ನ್ಯೂಸಮ್ ಫ್ರೆಸ್ನೊ ಕೌಂಟಿಯ ಟೂಂಬ್‌ಸ್ಟೋನ್ ಎಂಬ ಚಿಕ್ಕ ಬಡಾವಣೆಗೇ ಹೋಗಿದ್ದರು. (ಇಲ್ಲಿ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ, ಜನರಿಂದ ಆಯ್ಕೆಯಾಗಿ ಸರ್ಕಾರ ನಡೆಸುವವರು.) ಈ ಸಾಧನೆ ಚಿಕ್ಕದಲ್ಲ. ಆದರೆ 15 ಅಥವಾ ಹೆಚ್ಚು ಸಂಪರ್ಕವಿರುವ ನೀರಿನ ವ್ಯವಸ್ಥೆಗಳ ಮೇಲೆ ರಾಜ್ಯಕ್ಕಿರುವ ನಿಗಾ ಒಂಟಿ ಮನೆಯ ಬಾವಿಯ ಮೇಲೆ ಇಲ್ಲ. ಖಾಸಗಿ ಬಾವಿ ಖಾಸಗಿ ಸ್ವತ್ತು. ಮಾಲೀಕನೇ ಆ ಮನೆಯಲ್ಲಿದ್ದರೆ ತನ್ನ ಆರೋಗ್ಯ ತಾನು ನೋಡಿಕೊಳ್ಳಲಿ ಅನ್ನಬಹುದು. ಅಲ್ಲಿ ಇರುವವನು ಬಾಡಿಗೆದಾರನಾದರೆ?

ನಮ್ಮ ಮಸೂದೆ ಇಷ್ಟೇ ಹೇಳುತ್ತಿತ್ತು: ಸಾರ್ವಜನಿಕ ಹಣದಲ್ಲಿ ಬಾಡಿಗೆ ಮನೆಯ ಬಾವಿ ನೀರಿನ ಪರೀಕ್ಷೆ ನಡೆದರೆ, ಫಲಿತಾಂಶ ಆ ಮನೆಯಲ್ಲಿ ವಾಸಿಸುವವರಿಗೆ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ತಲುಪಬೇಕು. 2023ರ ಅಧಿವೇಶನಕ್ಕೆ ಅದನ್ನು ಸಿದ್ಧಮಾಡಿದೆವು.

ಕರಡು ಬರೆಯುವುದು ನಾವಲ್ಲ. ನಮ್ಮ ಉದ್ದೇಶವನ್ನು ಸರಳವಾಗಿ ಬರೆದು ಶಾಸನಸಭೆಯ ವಕೀಲರ ಕಚೇರಿಗೆ ಜನವರಿಯೊಳಗೆ ಕಳಿಸಬೇಕು. ಅವರು ಅದಕ್ಕೆ ಕಾನೂನಿನ ಮೈ ಕೊಟ್ಟು ವಾಪಸು ಕಳಿಸುತ್ತಾರೆ. ಫೆಬ್ರವರಿ ಮಧ್ಯದೊಳಗೆ ಮಂಡನೆ. ಆಮೇಲೆ 30 ದಿನ ಅದು ಸುಮ್ಮನೆ ಮುದ್ರಣದಲ್ಲಿ ಇರಬೇಕು, ಯಾರು ಬೇಕಾದರೂ ಓದಲಿ ಅಂತ. ಆ ಅವಧಿ ನನಗೆ ಇಡೀ ವರ್ಷದಲ್ಲೇ ಅಚ್ಚುಮೆಚ್ಚು. ಸ್ಯಾಕ್ರಮೆಂಟೊದಲ್ಲಿ ಯಾರಿಗೂ ಅವಸರವಿಲ್ಲ, ಹೆದ್ದಾರಿ 99 ಹಿಡಿದು ಕಣಿವೆಗೆ ಇಳಿದು ಜನರೊಂದಿಗೆ ಕರಡನ್ನು ಸಾಲು ಸಾಲಾಗಿ ಓದಬಹುದು.

ಆ ವರ್ಷ ಕಣಿವೆಯೇ ಬೇರೆ ರೂಪ ತಾಳಿತ್ತು. ಮೂರು ವರ್ಷದ ಬರದ ಬೆನ್ನಿಗೆ ಜನವರಿಯಲ್ಲಿ ಮಳೆ ಸುರಿದು ಮರ್ಸೆಡ್ ಕೌಂಟಿಯ ಪ್ಲಾನಾಡಾ ಮುಳುಗಿತು. ಮಾರ್ಚ್‌ನಲ್ಲಿ ಕರಾವಳಿ ಕಡೆಯ ಪಹಾರೊ. ಎರಡೂ ಕೃಷಿ ಕಾರ್ಮಿಕರ ಊರುಗಳು. ನೂರು ವರ್ಷದ ಹಿಂದೆಯೇ ಬತ್ತಿಸಿ ಹೊಲ ಮಾಡಿಕೊಂಡಿದ್ದ ಟುಲೇರಿ ಸರೋವರ ಮತ್ತೆ ತುಂಬಿ ನಿಂತಿತು. ಕಣ್ಣು ಹಾಯಿಸಿದಷ್ಟೂ ನೀರು, ಮನೆಯೊಳಗೆ ಕುಡಿಯುವ ನೀರಿಗೆ ಐದು ಗ್ಯಾಲನ್ ಬಾಟಲಿ. ಸಭೆಗೆ ಬಂದಿದ್ದ ಹೆಂಗಸರ ಬೂಟುಗಳಲ್ಲಿ ಇನ್ನೂ ಕೆಸರಿತ್ತು.

ಚರ್ಚಿನ ಪಕ್ಕದ ಹಾಲ್‌ನಲ್ಲಿ ನಡೆದ ಆ ಸಭೆಯಲ್ಲಿ ಕರಡು ಓದಿ ಮುಗಿಸುವ ಹೊತ್ತಿಗೆ ಒಬ್ಬ ಹಿರಿಯಾಕೆ ಎದ್ದು ನಿಂತರು. ಊರಿನವರೆಲ್ಲ ಅವರನ್ನು 'ದೊನ್ಯಾ' ಅಂತ ಗೌರವದಿಂದ ಕರೆಯುತ್ತಿದ್ದರು. ನನ್ನನ್ನು 'ಮಿಹಾ', ಮಗಳೇ, ಅಂತಲೇ ಮಾತಾಡಿಸಿದರು. "ಮಿಹಾ, ಕಾಗದ ನಮ್ಮ ಕೈಗೆ ಬರುತ್ತೆ, ಸರಿ. ನೀರು ಕೆಟ್ಟಿದೆ ಅಂತ ಮಾಲೀಕನ ಹತ್ತಿರ ಹೋದ ಮಾರನೇ ವಾರ ಮನೆ ಖಾಲಿ ಮಾಡು ಅಂತಾನೆ. ಆಗ ನಾನು ಆ ಕಾಗದ ಹಿಡಿದುಕೊಂಡು ಎಲ್ಲಿಗೆ ಹೋಗಲಿ?"

ಹಾಲ್‌ನಲ್ಲಿದ್ದ ಅಷ್ಟೂ ತಲೆಗಳು ಅಲ್ಲಾಡಿದವು. ವಲಸೆಯ ದಾಖಲೆ ಇಲ್ಲದವರಿಗಂತೂ ಈ ಭಯ ಇಮ್ಮಡಿ. ರಾಜ್ಯದ ಸಿವಿಲ್ ಸಂಹಿತೆಯ 1942.5ನೇ ಕಲಂ ದೂರು ಕೊಟ್ಟ ಬಾಡಿಗೆದಾರನ ಮೇಲೆ ಸೇಡು ತೀರಿಸಿಕೊಳ್ಳುವುದನ್ನು ಈಗಾಗಲೇ ತಡೆಯುತ್ತದೆ, ನಿಜ. ಆದರೆ ಯಾರೋ ತಾನಾಗಿ ಕೊಟ್ಟ ಪರೀಕ್ಷಾ ವರದಿ ಹಿಡಿದು ಮಾತಾಡಿದವರಿಗೆ ಅದು ಅನ್ವಯಿಸುತ್ತದೆ ಅಂತ ನಮ್ಮ ಮಸೂದೆಯಲ್ಲಿ ಸ್ಪಷ್ಟವಾಗಿ ಬರೆದರೆ ವಾದಕ್ಕೆ ಎಡೆ ಇರುವುದಿಲ್ಲ. ಆ ರಾತ್ರಿಯೇ ವಕೀಲರಿಗೆ ತಿದ್ದುಪಡಿಯ ಕೋರಿಕೆ ಬರೆದೆ. ಇಡೀ ಮಸೂದೆಯಲ್ಲಿ ಅತಿ ಮುಖ್ಯವಾದ ವಾಕ್ಯ ಯಾವುದು ಅಂತ ಈಗ ಯಾರಾದರೂ ಕೇಳಿದರೆ ನಾನು ಅದನ್ನೇ ತೋರಿಸುತ್ತೇನೆ. ಶಾಸನಸಭೆಯ ಭವನವಾದ ಕ್ಯಾಪಿಟಲ್‌ನಲ್ಲಿ ಕೂತ ಯಾವ ಪರಿಣತನ ತಲೆಗೂ ಅದು ಹೊಳೆದಿರಲಿಲ್ಲ.

ಅದೇ ಸಭೆಯ ಹಿಂದಿನ ಸಾಲಿನಲ್ಲಿ ಒಬ್ಬ ಮಾಲೀಕರೂ ಇದ್ದರು. ಅವರ ತಂದೆ ಬ್ರಸೇರೊ ಯೋಜನೆಯಲ್ಲಿ ಮೆಕ್ಸಿಕೊದಿಂದ ಕೂಲಿಗೆ ಬಂದವರು. 1942ರಿಂದ 1964ರವರೆಗೆ ಎರಡು ದೇಶಗಳ ಒಪ್ಪಂದದಡಿ ಹಾಗೆ ಲಕ್ಷಾಂತರ ಗಂಡಸರು ಬಂದರು. ಇವರು ದುಡಿದು ಒಂದು ಜಾಗ ಕೊಂಡು, ಹಿತ್ತಲ ಕಡೆ ಒಂದು ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾರೆ. "ನಾನೂ ಅದೇ ಬಾವಿಯ ನೀರು ಕುಡಿಯುವವನು," ಅಂದರು. "ಇನ್ನೂ ಆಳಕ್ಕೆ ಕೊರೆಸಬೇಕಾದರೆ ನನ್ನ ಹತ್ತಿರ ದುಡ್ಡೆಲ್ಲಿದೆ? ನೀರು ಕೆಟ್ಟಿದೆ ಅಂತ ಕಾಗದ ಬಂದ ಮೇಲೆ ಕೌಂಟಿಯವರು ಮನೆಗೇ ಬೀಗ ಹಾಕಿದರೆ ಬಾಡಿಗೆಯವರೂ ಬೀದಿಗೆ, ನನ್ನ ಸಾಲವೂ ಹಾಗೇ." ಅವರ ಮಾತಿನಲ್ಲಿ ಹುರುಳಿತ್ತು. ಲ್ಯಾಟಿನೋ ಸಮುದಾಯದ ಹಿತ ಅಂತ ನಾವು ಒಂದೇ ಉಸಿರಿಗೆ ಹೇಳುತ್ತೇವೆ. ಆ ಹಾಲ್‌ನಲ್ಲಿ ಅದು ಎದುರುಬದುರು ಕೂತಿತ್ತು. ನೋಟಿಸು ಬಂದ ಮಾತ್ರಕ್ಕೆ ಮನೆ ವಾಸಕ್ಕೆ ಅಯೋಗ್ಯ ಅಂತ ಘೋಷಿಸುವಂತಿಲ್ಲ, ಜೊತೆಗೆ ಬಾಟಲಿ ನೀರು, ಫಿಲ್ಟರು ಎಲ್ಲಿ ಉಚಿತವಾಗಿ ಸಿಗುತ್ತದೆ ಅನ್ನುವ ವಿವರ ಇಬ್ಬರಿಗೂ ಹೋಗಬೇಕು ಅಂತ ಮತ್ತೊಂದು ತಿದ್ದುಪಡಿ ಸೇರಿಸಿದೆವು. ಆ ನೆರವು ನಿಜವಾಗಿಯೂ ಇದೆ: ನೈಟ್ರೇಟ್ ಹೆಚ್ಚಿರುವ ಕಣಿವೆಯ ಕೆಲವು ಪ್ರದೇಶಗಳಲ್ಲಿ 2021ರಿಂದ ಉಚಿತ ಪರೀಕ್ಷೆ ಮತ್ತು ಬಾಟಲಿ ನೀರಿನ ವ್ಯವಸ್ಥೆ ನಡೆಯುತ್ತಿದೆ. ತಿಳಿದವರು ಕಡಿಮೆ, ಅಷ್ಟೆ.

ನೀರೂ ಇತ್ತು, ಬಾಡಿಗೆಯೂ ಇತ್ತು. ಹಾಗಾಗಿ ಕೆಳಮನೆಯಾದ ಅಸೆಂಬ್ಲಿಯಲ್ಲಿ ಮಸೂದೆ ಎರಡು ಸಮಿತಿಗಳಿಗೆ ಹೋಯಿತು, ಒಂದು ಪರಿಸರ ಸುರಕ್ಷತೆ, ಇನ್ನೊಂದು ನ್ಯಾಯಾಂಗ. ಪ್ರತಿ ಸಮಿತಿಯಲ್ಲೂ ಮಸೂದೆಯನ್ನು ಬಿಡಿಸಿ ವಿಶ್ಲೇಷಣೆ ಬರೆಯುವ ಸಲಹೆಗಾರರಿರುತ್ತಾರೆ. ಶಾಸಕರ ಭಾಷಣ ಜನ ನೋಡುತ್ತಾರೆ. ಮತ ಬದಲಿಸುವುದು ಬಹುತೇಕ ಈ ವಿಶ್ಲೇಷಣೆ. ಸಂಜೆ ಏಳಕ್ಕೆ ಅವರಿಂದ ಫೋನು ಬರುತ್ತದೆ: ಇಂಥ ಮನೆಗಳು ಎಷ್ಟಿವೆ? ಲೆಕ್ಕ ಎಲ್ಲಿಂದ? ಈಗಿರುವ ಕಾನೂನಿನಲ್ಲಿ ಯಾಕಾಗುವುದಿಲ್ಲ? ಖಾಸಗಿ ಬಾವಿಯ ಮೇಲೆ ರಾಜ್ಯ ನಿಗಾ ಇಡುವುದಿಲ್ಲವಾದ್ದರಿಂದ ಅಂಥ ಬಾಡಿಗೆ ಮನೆಗಳ ಖಚಿತ ಲೆಕ್ಕ ನಮ್ಮ ಕೈಗೆ ಸಿಕ್ಕಿರಲಿಲ್ಲ. ಆ ಕೊರತೆಯನ್ನೇ ವಾದವಾಗಿ ಮುಂದಿಟ್ಟೆವು. ವಿಶ್ಲೇಷಣೆಯಲ್ಲಿ ಅದು ಒಂದು ಪ್ಯಾರಾ ಆಗಿ ಬಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಏಪ್ರಿಲ್‌ನಲ್ಲಿ ವಿಚಾರಣೆ. ಕ್ಯಾಪಿಟಲ್‌ಗೆ ಸೇರಿದ ಹಳೆಯ ಕಚೇರಿ ಕಟ್ಟಡವನ್ನು ಕೆಡವಲು ತೆಗೆದುಕೊಂಡ ಮೇಲೆ ಶಾಸಕರೆಲ್ಲ ಓ ಸ್ಟ್ರೀಟ್‌ನ ಹೊಸ ಕಟ್ಟಡಕ್ಕೆ ಬಂದಿದ್ದರು. ಕಣಿವೆಯಿಂದ ಬೆಳಗಿನ ಜಾವವೇ ವ್ಯಾನ್ ಹೊರಟಿತ್ತು. ಮುಖ್ಯ ಸಾಕ್ಷಿಗಳು ಇಬ್ಬರೇ, ತಲಾ ಎರಡು ನಿಮಿಷ. ಉಳಿದವರು ಮೈಕ್ ಮುಂದೆ ಸಾಲಾಗಿ ಬಂದು ಹೆಸರು, ಊರು, ಬೆಂಬಲವೋ ವಿರೋಧವೋ ಅಷ್ಟು ಮಾತ್ರ ಹೇಳಿ ಹೋಗಬೇಕು. ಅಲ್ಲಿ ಮಾತಾಡಲು ಪೌರತ್ವ ಬೇಕಿಲ್ಲ, ಯಾರೂ ಗುರುತಿನ ಚೀಟಿ ಕೇಳುವುದಿಲ್ಲ. ಆದರೂ ಎಲ್ಲವೂ ವೀಡಿಯೊ ಆಗಿ ಶಾಶ್ವತವಾಗಿ ಉಳಿಯುತ್ತದೆ ಅಂತ ನಾನು ವ್ಯಾನಿನಲ್ಲೇ ಪ್ರತಿಯೊಬ್ಬರಿಗೂ ಹೇಳಿದೆ. ಕೆಲವರು ಊರಿನ ಹೆಸರು ಹೇಳದಿರಲು ನಿರ್ಧರಿಸಿದರು. ಅದು ಅವರ ಹಕ್ಕು.

ಸಾಕ್ಷಿ ಹೇಳಿದ್ದು ಸ್ಟೌ ಆರಿಸಿದ ಆ ತಾಯಿ. ಅವಳ ಮಾತನ್ನು ನಾನು ತಿದ್ದಲಿಲ್ಲ. ಈ ಕೆಲಸದಲ್ಲಿ ನಾನು ಬಿಗಿಯಾಗಿ ಹಿಡಿದಿರುವ ನಿಯಮ ಅದು. ಸಂಸ್ಥೆಗಳು ಬರೆದುಕೊಟ್ಟ ಸಾಕ್ಷ್ಯ ಎಲ್ಲ ಒಂದೇ ಥರ ಕೇಳಿಸುತ್ತದೆ, ಸಮಿತಿಯವರು ಅದನ್ನು ಕೇಳುತ್ತಲೇ ಫೋನು ನೋಡುತ್ತಾರೆ. ಅವಳು ದಪ್ಪ ಅಕ್ಷರದಲ್ಲಿ ಬರೆದುಕೊಂಡಿದ್ದ ಚೀಟಿಯನ್ನು ಮಡಚಿ ಇಟ್ಟು, "ನಾನು ನನ್ನ ಮಗನಿಗೆ ಒಳ್ಳೆಯದಾಗಲಿ ಅಂತ ಇನ್ನೂ ಹೆಚ್ಚು ಕುದಿಸುತ್ತಿದ್ದೆ," ಅಂದಳು. ದುಭಾಷಿ ಅದನ್ನು ಇಂಗ್ಲಿಷಿಗೆ ತಂದಾಗ ವೇದಿಕೆಯ ಮೇಲಿದ್ದ ಒಬ್ಬ ರಿಪಬ್ಲಿಕನ್ ಸದಸ್ಯರು ತಾವಾಗಿ ಪ್ರಶ್ನೆ ಕೇಳಿದರು: ಕುದಿಸಬಾರದು ಅಂತ ಈಗಿನ ವರದಿಯಲ್ಲಿ ಎಲ್ಲಿ ಬರೆದಿರುತ್ತದೆ? ಎಲ್ಲೂ ಇಲ್ಲ ಅಂತ ನಮ್ಮ ಶಾಸಕಿ ಉತ್ತರಿಸಿದರು. ಆ ಸದಸ್ಯರು ಪರವಾಗಿ ಮತ ಹಾಕಿದರು. ಎರಡೂ ಸಮಿತಿ ದಾಟಿದೆವು.

ಆ ವರ್ಷ ಲ್ಯಾಟಿನೋ ಶಾಸಕರ ಒಕ್ಕೂಟಕ್ಕೆ ಐವತ್ತು ತುಂಬಿತ್ತು. 1973ರಲ್ಲಿ ಐದೇ ಸದಸ್ಯರಿಂದ ಶುರುವಾದ ಒಕ್ಕೂಟ ಅದು. 1994ರಲ್ಲಿ ದಾಖಲೆ ಇಲ್ಲದವರಿಗೆ ಶಾಲೆ, ತುರ್ತಲ್ಲದ ವೈದ್ಯಕೀಯ ಸೇವೆಗಳ ಬಾಗಿಲು ಮುಚ್ಚುವ ಪ್ರಸ್ತಾವ 187 ಜನಮತದಲ್ಲಿ ಗೆದ್ದಿತು. ನ್ಯಾಯಾಲಯ ಅದನ್ನು ತಡೆಯಿತು. ಅದನ್ನು ವಿರೋಧಿಸಿ ಬೀದಿಗಿಳಿದ ಪೀಳಿಗೆಯ ಅನೇಕರು ಮುಂದೆ ಶಾಸಕರಾದರು. 2013ರಲ್ಲಿ ದಾಖಲೆ ಇಲ್ಲದವರಿಗೂ ವಾಹನ ಚಾಲನಾ ಪರವಾನಗಿ, 2016ರಲ್ಲಿ ಕೃಷಿ ಕಾರ್ಮಿಕರಿಗೆ ಉಳಿದವರಂತೆ ದಿನಕ್ಕೆ ಎಂಟು ಗಂಟೆ ದಾಟಿದರೆ ಹೆಚ್ಚುವರಿ ಕೂಲಿ, ಇವೆಲ್ಲ ಹಾಗೆ ಬಂದವು. ಕೂಲಿಯ ಆ ಮಸೂದೆ ಮೊದಲು ಅಸೆಂಬ್ಲಿಯಲ್ಲೇ ಬಿದ್ದು, ಅದೇ ವರ್ಷ ಬೇರೆ ಸಂಖ್ಯೆ ಹೊತ್ತು ಮರಳಿ ಬಂದು ಗೆದ್ದದ್ದನ್ನು ನಾನು ಹೊಸಬರಿಗೆ ಯಾವಾಗಲೂ ಹೇಳುತ್ತೇನೆ.

ನಮಗೆ ಎದುರಾಗಿದ್ದು ದುಡ್ಡಿನ ಪ್ರಶ್ನೆ. ಒಂದೂವರೆ ಲಕ್ಷ ಡಾಲರ್‌ಗಿಂತ ಹೆಚ್ಚು ಖರ್ಚು ತರುವ ಮಸೂದೆಗಳನ್ನು ಹಣ ವಿನಿಯೋಗ ಸಮಿತಿ 'ಸಸ್ಪೆನ್ಸ್ ಫೈಲ್' ಎಂಬ ಕಟ್ಟಿಗೆ ಹಾಕಿ, ಮೇ ತಿಂಗಳ ಒಂದೇ ದಿನ ಎಲ್ಲದರ ಹಣೆಬರಹ ಓದುತ್ತದೆ. ಭಾಷಾಂತರ, ಅಂಚೆ, ಮೇಲ್ವಿಚಾರಣೆ ಸೇರಿ ನಮ್ಮ ಮಸೂದೆಯ ಅಂದಾಜು ಆ ಗೆರೆ ದಾಟಿತ್ತು. ರಾಜ್ಯದ ಬಜೆಟ್ ಕೊರತೆ 3,150 ಕೋಟಿ ಡಾಲರ್ ಅಂತ ಅದೇ ತಿಂಗಳು ಘೋಷಣೆಯಾಗಿತ್ತು. ಎರಡೂ ಸದನಗಳ ಕಟ್ಟುಗಳಲ್ಲಿ ಸೇರಿ ಸಾವಿರಕ್ಕೂ ಹೆಚ್ಚು ಮಸೂದೆಗಳಿದ್ದವು. ಅಧ್ಯಕ್ಷರು ಸಂಖ್ಯೆ ಓದುತ್ತಾ ಹೋಗುತ್ತಾರೆ, ಒಂದೊಂದಕ್ಕೆ ಕೆಲವೇ ಸೆಕೆಂಡು. ಚರ್ಚೆಯಿಲ್ಲ, ಸಾಕ್ಷಿಯಿಲ್ಲ. ನಮ್ಮ ಸಂಖ್ಯೆ ಬಂತು, ಸಮಿತಿಯಲ್ಲೇ ಉಳಿಸಿಕೊಳ್ಳಲಾಗಿದೆ ಅಂದರು, ಮುಂದಿನ ಸಂಖ್ಯೆಗೆ ಹೋದರು. ಅಂದರೆ ಮಸೂದೆ ಅಲ್ಲಿಗೇ ನಿಂತಿತು.

ಆ ತಾಯಿಗೆ ಫೋನು ಮಾಡಿ ತಿಳಿಸಬೇಕಾದವಳು ನಾನೇ. ಯಾರು ಬೇಡ ಅಂದರು ಅಂತ ಕೇಳಿದಳು. ಯಾರೂ ಬೇಡ ಅನ್ನಲಿಲ್ಲ, ಆದರೂ ಆಗಲಿಲ್ಲ ಅನ್ನುವುದನ್ನು ವಿವರಿಸುವುದು ಬಹಳ ಕಷ್ಟ. ಇದು ಸರಿಯಾದ ವಿಧಾನ ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ರಾಜ್ಯಕ್ಕೆ ಖರ್ಚಿನ ಮೇಲೆ ಹಿಡಿತ ಬೇಕು, ಒಪ್ಪುತ್ತೇನೆ. ಆದರೆ ಬೆಳಗಿನ ಜಾವವೇ ಹೊರಟು ಬಂದು ಸಾಕ್ಷಿ ಹೇಳಿದವರಿಗೆ ಕಾರಣ ಕೇಳುವ ಹಕ್ಕಿದೆ, ಕೊಡುವ ಬಾಧ್ಯತೆ ಸದನಕ್ಕಿದೆ.

ಬೇಸಗೆಯಲ್ಲಿ ಮತ್ತೆ ಅದೇ ಚರ್ಚಿನ ಹಾಲ್‌ಗೆ ಹೋದೆವು. ಖರ್ಚಿನ ಅಂದಾಜಿನ ಹಾಳೆಯನ್ನು ಸ್ಪ್ಯಾನಿಷ್‌ಗೆ ಮಾಡಿಸಿ ಎಲ್ಲರ ಕೈಗೂ ಕೊಟ್ಟಿದ್ದೆ. ಅವರು ಅದನ್ನು ಮನೆ ಖರ್ಚಿನ ಚೀಟಿಯ ಹಾಗೆ ಓದಿದರು. ಪ್ರತಿ ವರದಿಯನ್ನೂ ಹೊಸದಾಗಿ ಭಾಷಾಂತರ ಮಾಡುವ ಬದಲು ಒಂದೇ ಸಲ ಮಾದರಿ ನಮೂನೆ ಮಾಡಿ, ಸಂಖ್ಯೆ ಮಾತ್ರ ತುಂಬಿದರೆ ಸಾಲದೇ ಅಂತ ಒಬ್ಬಳು ಕೇಳಿದಳು. ಅವಳು ಹಣ್ಣು ಪ್ಯಾಕ್ ಮಾಡುವ ಶೆಡ್‌ನಲ್ಲಿ ಲೇಬಲ್ ಅಂಟಿಸುವವಳು. ಪ್ರಯೋಗಾಲಯವೇ ಮಾಲೀಕರಿಗೆ ಕಳಿಸುವಾಗ ಮನೆಯ ವಿಳಾಸಕ್ಕೂ ಒಂದು ಪ್ರತಿ ಹಾಕಲಿ, ಸರ್ಕಾರ ಮಧ್ಯೆ ಬರುವುದೇ ಬೇಡ ಅಂತ ಇನ್ನೊಬ್ಬಳು. ದೊನ್ಯಾ ಮಾತ್ರ ಸೇಡಿನ ವಿರುದ್ಧದ ಆ ವಾಕ್ಯದ ಒಂದಕ್ಷರವನ್ನೂ ಮುಟ್ಟಲು ಬಿಡಲಿಲ್ಲ. ಅದಕ್ಕೆ ದುಡ್ಡೇನೂ ಖರ್ಚಾಗುವುದಿಲ್ಲವಲ್ಲ ಅಂದರು. ಕುದಿಸಬೇಡಿ ಅನ್ನುವುದು ನಮೂನೆಯ ತಲೆಯಲ್ಲೇ, ಚಿತ್ರದ ಸಮೇತ ಇರಬೇಕು ಅಂತಲೂ ತೀರ್ಮಾನವಾಯಿತು. ಮೆಕ್ಸಿಕೊದ ಓಹಾಕ ಕಡೆಯಿಂದ ಬಂದ ಎಷ್ಟೋ ಕಾರ್ಮಿಕರ ಮನೆಮಾತು ಮಿಶ್ಟೆಕೊ, ಸ್ಪ್ಯಾನಿಷ್ ಅಲ್ಲ. ಚಿತ್ರವಾದರೆ ಅವರಿಗೂ ತಿಳಿಯುತ್ತದೆ.

ಹೊಸ ಕರಡು ಮೊದಲಿನದಕ್ಕಿಂತ ಅರ್ಧದಷ್ಟಿದೆ. ಖರ್ಚು ಗೆರೆಯೊಳಗೆ ಬರುತ್ತದೆ ಅಂತ ನಮ್ಮ ಲೆಕ್ಕ. ಬಾವಿ ಕೆಟ್ಟ ಮೇಲೆ ಹೊಸದನ್ನು ಕೊರೆಸುವ ದುಡ್ಡು ಯಾರದು ಅನ್ನುವ ಆ ಮಾಲೀಕರ ಪ್ರಶ್ನೆಗೆ ಅದರಲ್ಲಿ ಇನ್ನೂ ಉತ್ತರವಿಲ್ಲ. ಅದಕ್ಕೆ ಬೇರೆ ಮಸೂದೆಯೇ ಬೇಕು, ಬೇರೆ ನಿಧಿ ಬೇಕು. ಅವರೂ ಅವರಂಥ ಇನ್ನೂ ಕೆಲವರು ಸಣ್ಣ ಮಾಲೀಕರೂ ನಮ್ಮ ಜೊತೆ ಕೂರಲು ಒಪ್ಪಿದ್ದಾರೆ. ಕಿತ್ತಳೆ ಕೊಯ್ಲು ಮುಗಿಯುವವರೆಗೆ ಯಾರಿಗೂ ಬಿಡುವಿಲ್ಲ, ಭಾನುವಾರ ಪೂಜೆ ಮುಗಿದ ಮೇಲೆ ಸೇರೋಣ ಅಂದಿದ್ದಾರೆ.